ಹೊನ್ನೆ ಮರದ ಕನ್ನಡಿ ಮತ್ತು ಎರಡು ಬಿಂದಿಗೆ

ನನ್ನ ಮದುವೆಯ ಮಾತು ಎರಡು ಸಲ ಮುರಿದುಬಿತ್ತು. ಎರಡು ಸಲವೂ ಮನೆ ಸ್ವಂತದ್ದೇ ಆಗಿತ್ತು, ನೌಕರಿ ಪುರಸಭೆಯದ್ದೇ ಆಗಿತ್ತು, ಹಲ್ಲು ಸರಿಯಾಗಿದ್ದವು. ಕೆಟ್ಟದ್ದು ಕನ್ನಡಿಯಿಂದ.

ನಮ್ಮೂರಿನಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಬಂದಾಗ ಮೊದಲು ನೋಡುವುದು ಪಡಸಾಲೆಯ ಕನ್ನಡಿಯನ್ನು. ಮನೆಯವರು, ಬಂದವರು ಎಲ್ಲರೂ ಅದರೆದುರು ಚಾಪೆ ಹಾಸಿ ಕೂರುತ್ತಾರೆ. ಕಾಫಿ ಬರುತ್ತದೆ. ಲೋಟ ಬರಿದಾಗುವ ತನಕ ಎಲ್ಲರ ಬಿಂಬಗಳೂ ಕನ್ನಡಿಯೊಳಗೆ ಕೂತಿದ್ದರೆ ಅದು ಹೆಣ್ಣು ಕೊಡಬಹುದಾದ ಮನೆ. ನಡುವೆ ಯಾರ ಬಿಂಬವಾದರೂ ಎದ್ದು ಹೋಯಿತೆಂದರೆ ಬಂದವರು ಲೋಟ ಕೆಳಗಿಟ್ಟು, "ತಿಳಿಸ್ತೀವಿ" ಎಂದು ಹೊರಡುತ್ತಾರೆ. ತಿಳಿಸುವುದಿಲ್ಲ.

ಬಿಂಬವನ್ನು ಕೂರಿಸುವುದು ಸುಲಭವಲ್ಲ. ಬರೀ ಗಾಜಿನಲ್ಲಿ ಅದು ನಿಲ್ಲುವುದೇ ಇಲ್ಲ. ಸುತ್ತ ಗಟ್ಟಿ ಮರದ ಚೌಕಟ್ಟು ಬೇಕು. ಹೊನ್ನೆ, ಬೀಟೆ, ಏನೂ ಇಲ್ಲವೆಂದರೆ ಮತ್ತಿ. ಮಾವಿನ ಮರ ಹಾಕಿಸಿದವರ ಮನೆಯಲ್ಲಿ ಬಿಂಬಗಳು ಬಸ್‌ಸ್ಟ್ಯಾಂಡಿನಲ್ಲಿ ಓಡಾಡಿದ ಹಾಗೆ ಓಡಾಡುತ್ತವೆ. ಆ ಚೌಕಟ್ಟಿನ ಸುತ್ತ ಚಿತ್ರ ಬರೆದ ಟೈಲುಗಳನ್ನು ಕೂರಿಸಬೇಕು. ದಿನವಿಡೀ ಅಲ್ಲೇ ಇರಬೇಕಾದ ಬಿಂಬಕ್ಕೆ ನೋಡಲು ಏನಾದರೂ ಬೇಕಲ್ಲ. ಚಿತ್ರ ಹಿಡಿಸಿದರೆ ಕೂರುತ್ತದೆ. ಹಿಡಿಸದಿದ್ದರೆ ಹಿಡಿಸುವ ಕನ್ನಡಿ ಹುಡುಕಿಕೊಂಡು ಹೋಗುತ್ತದೆ. ಆಮೇಲೆ ಮುಖ ನೋಡಿಕೊಳ್ಳಬೇಕೆಂದರೆ ನಾವೇ ಅಲ್ಲಿಗೆ ಹೋಗಬೇಕು. ಬೆಳಗಿನ ಹೊತ್ತು ಬಾಚಣಿಗೆ, ಕುಂಕುಮದ ಭರಣಿ ಹಿಡಿದು ಬೀದಿಯಲ್ಲಿ ಅವಸರವಾಗಿ ನಡೆಯುವವರನ್ನು ಕಂಡರೆ ಹೊಸಬರು ಏನೋ ಅನಾಹುತವಾಗಿದೆ ಎಂದುಕೊಳ್ಳುತ್ತಾರೆ. ಏನೂ ಆಗಿರುವುದಿಲ್ಲ. ಅವರವರ ಬಿಂಬ ಇದ್ದ ಕಡೆಗೆ ಅವರವರು ಹೊರಟಿರುತ್ತಾರೆ.

ನನ್ನ ಹೆಸರು ಗುರುಶಾಂತ. ಪುರಸಭೆಯಲ್ಲಿ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಮನೆ ಕಟ್ಟಿಸಿದಾಗ ಮೋನಪ್ಪ ಆಚಾರಿಯವರಿಗೆ ಹೇಳಿ ಒಳ್ಳೆಯ ಹೊನ್ನೆಯಲ್ಲಿ ಆಳೆತ್ತರದ ಕನ್ನಡಿ ಮಾಡಿಸಿದ್ದೆ. ಟೈಲು ಬರೆಯುವುದು ಜುಲೇಖಾಬಿಯವರ ಕೆಲಸ. ಏನು ಬರೆಯಬೇಕೆಂದು ಅವರು ಕೇಳಿದಾಗ ಇಲಾಖೆಯ ಅಧಿಕೃತ ತೂಕದ ಬಟ್ಟುಗಳನ್ನೂ ಅಳತೆಯ ಪಾತ್ರೆಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಕ್ರಮವಾಗಿ ಬರೆಯಲು ಹೇಳಿದೆ. ಚಿತ್ರದಲ್ಲಿ ಸುಳ್ಳಿರಬಾರದು ಎಂಬುದು ನನ್ನ ಅಭಿಪ್ರಾಯ. ಹಾರುವ ಹಂಸ ಬರೆಸಿದರೆ, ಅದು ಎಲ್ಲಿಯ ಹಂಸ, ಯಾವಾಗ ಹಾರಿತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

"ಒಂದು ಮೂಲೇಲಾದ್ರೂ ಗಿಳಿ ಬರೀತೀನಿ ಇನ್ಸ್‌ಪೆಕ್ಟ್ರೇ," ಎಂದು ಜುಲೇಖಾಬಿ ಅಂಗಲಾಚಿದ್ದರು. ನಾನು ಒಪ್ಪಲಿಲ್ಲ.

ಗೃಹಪ್ರವೇಶದ ಊಟ ಮುಗಿಯುವ ಮೊದಲೇ ಅಮ್ಮನ ಬಿಂಬ ಹೋಯಿತು. ಸಂಜೆಯ ಹೊತ್ತಿಗೆ ನನ್ನದೂ ಹೋಯಿತು. ನಾನೇ ಆರಿಸಿದ ಚಿತ್ರಗಳನ್ನು ನನ್ನ ಬಿಂಬವೇ ಒಂದು ಸಂಜೆ ಪೂರ್ತಿ ನೋಡಲಾರದೆ ಹೋಯಿತು ಎಂಬುದನ್ನು ಬಹಳ ಕಾಲ ನಾನು ಒಪ್ಪಲಿಲ್ಲ. ಗಾಜಿನ ದೋಷ ಎಂದೇ ವಾದಿಸಿದೆ. ಆದರೆ ಎದುರು ಬೀದಿಯ ರುದ್ರಣ್ಣ ಬಂದು, "ನಿಮ್ಮ ಬಿಂಬ ನಮ್ಮ ಹಿಟ್ಟಿನ ಗಿರಣೀಲಿ ಕೂತಿದೆ, ಬಂದು ಗಡ್ಡ ಮಾಡ್ಕೊಂಡು ಹೋಗಿ" ಎಂದು ಹೇಳಿದ ಮೇಲೆ ವಾದಕ್ಕೆ ಬಲ ಉಳಿಯಲಿಲ್ಲ. ಅವನ ಗಿರಣಿಯ ಕನ್ನಡಿಯ ಸುತ್ತ, ಮದುವಣಿಗನ ಪೇಟ ಕಿತ್ತುಕೊಂಡು ಓಡುವ ಕೋತಿಯ ಚಿತ್ರಗಳಿದ್ದವು. ಅಂದಿನಿಂದ ನಾನು ಗಿರಣಿಯಲ್ಲಿ ಗಡ್ಡ ಮಾಡಿಕೊಂಡು, ಕಿವಿಯ ಹಿಂದೆ ರಾಗಿ ಹಿಟ್ಟು ಅಂಟಿಸಿಕೊಂಡು ತಪಾಸಣೆಗೆ ಹೋಗುತ್ತಿದ್ದೆ. ಅಮ್ಮ ಕನ್ನಡಿಯಿಲ್ಲದೆ ಕುಂಕುಮ ಇಟ್ಟುಕೊಳ್ಳುವುದನ್ನು ಕಲಿತಳು. ಅದು ಹಣೆಯ ನಡುವಿನಿಂದ ಎಡಕ್ಕೆ ತುಸು ಸರಿದಿರುತ್ತಿತ್ತು. ನಾನು ಪ್ರತಿದಿನ ಹೇಳುತ್ತಿದ್ದೆ. ಅವಳು ಪ್ರತಿದಿನ, "ಯಾರ ದೆಸೆಯಿಂದ?" ಎನ್ನುತ್ತಿದ್ದಳು.

ಚಂಪಾವತಿಯನ್ನು ನಾನು ಮೊದಲು ಕಂಡದ್ದು ತಪಾಸಣೆಗೆ ಹೋದಾಗ. ಪೇಟೆಯಲ್ಲಿ ಅವಳದು ದಾರ, ಗುಂಡಿ, ರಿಬ್ಬನ್ನಿನ ಅಂಗಡಿ. ರಿಬ್ಬನ್ ಅಳೆಯುವ ಅವಳ ಮೀಟರ್ ಪಟ್ಟಿಯನ್ನು ನನ್ನ ಪಟ್ಟಿಯ ಪಕ್ಕದಲ್ಲಿಟ್ಟೆ. ಅವಳದು ಒಂದು ಬೆರಳು ಉದ್ದವಾಗಿತ್ತು.

"ಇದು ತಪ್ಪು ಪಟ್ಟಿ. ಮುಟ್ಟುಗೋಲು ಹಾಕ್ಕೋಬೇಕಾಗುತ್ತೆ," ಎಂದೆ.

"ಗಿಡ್ಡ ಇದ್ರೆ ಮೋಸ ಅನ್ನಿ. ಉದ್ದ ಇದ್ರೆ ಏನ್ರೀ ತಪ್ಪು? ಗಿರಾಕಿಗೆ ಜಾಸ್ತೀನೇ ಹೋಗುತ್ತೆ."

"ಜಾಸ್ತಿ ಕೊಡೋದೂ ತಪ್ಪೇ. ಮೀಟರ್ ಅಂದ್ರೆ ಮೀಟರ್."

ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ನಿಮ್ಮನೇಲಿ ಊಟಕ್ಕೆ ಹೆಂಗೆ ಬಡಿಸ್ತಾರೆ? ತಕ್ಕಡಿ ಇಟ್ಕೊಂಡಾ?"

"ಇಲ್ಲ. ಅಮ್ಮ ಅಂದಾಜಿನ ಮೇಲೆ ಬಡಿಸ್ತಾಳೆ. ನಾನು ಹೇಳಿ ನೋಡಿದೀನಿ, ಕೇಳಲ್ಲ."

ಅವಳು ಗಲ್ಲಾದ ಮೇಲೆ ತಲೆಯಿಟ್ಟು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. "ಕಿವಿ ಹಿಂದೆ ಹಿಟ್ಟಿದೆ, ಒರೆಸ್ಕೊಳ್ಳಿ," ಎಂದಳು.

ಸರಿಯಾದ ಹೊಸ ಪಟ್ಟಿಯನ್ನು ಜವಾನನ ಕೈಲಿ ಕಳಿಸಬಹುದಿತ್ತು. ನಾನೇ ತೆಗೆದುಕೊಂಡು ಹೋದೆ. ಆಮೇಲೆ ಅದು ಸರಿಯಾಗಿಯೇ ಉಳಿದಿದೆಯೇ ಎಂದು ನೋಡಲು ಮತ್ತೆ ಮತ್ತೆ ಹೋದೆ. ಮರದ ಪಟ್ಟಿ ಹಿಗ್ಗುವುದು ಕುಗ್ಗುವುದು ಉಂಟು. ಒಂದು ದಿನ ಅವಳು ಪಟ್ಟಿಯನ್ನು ನನ್ನ ಕೈಯಿಂದ ಕಸಿದು ಒಳಗಿಟ್ಟಳು.

"ಪಟ್ಟಿ ನೋಡಿದ್ದು ಸಾಕು. ನಮ್ಮ ದೊಡ್ಡಮ್ಮ ನಿಮ್ಮನೆ ಕನ್ನಡಿ ನೋಡೋಕೆ ಬರ್ತಾರೆ. ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ. ಕನ್ನಡಿ ಹೆಂಗಿದೆ?"

"ಹೊನ್ನೆ ಮರದ್ದು."

"ಮರ ಯಾರು ಕೇಳಿದ್ರು? ಬಿಂಬ ಕೂರ್ತವಾ?"

ನಾನು ಗಲ್ಲಾದ ಮೇಲಿದ್ದ ಗುಂಡಿಗಳನ್ನು ಎಣಿಸತೊಡಗಿದೆ. ಅವಳ ಮುಖದಲ್ಲಿದ್ದ ನಗು ಹೋಯಿತು. "ನೋಡಿ, ನನ್ನನ್ನ ಸಾಕಿದೋರು ದೊಡ್ಡಮ್ಮ. ಅವರು ಬೇಡ ಅಂದ್ರೆ ಬೇಡವೇ. ಅವರ ಮಾತು ಮೀರಿ ನಾನು ಬರೋಳಲ್ಲ. ಈಗಲೇ ಹೇಳಿರ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ."

ಅವಳ ದೊಡ್ಡಮ್ಮ ನೀಲಾಂಬಿಕಮ್ಮನವರು ಕನ್ನಡಿ ನೋಡುವುದರಲ್ಲಿ ಹೆಸರು ಮಾಡಿದವರು. ಬೇರೆಯವರ ಮನೆಯ ಸಂಬಂಧಗಳಿಗೂ ಅವರನ್ನು ಕರೆದುಕೊಂಡು ಹೋಗುವುದುಂಟು. ಒಂದು ಮನೆಯಲ್ಲಿ ಎಲ್ಲರ ಬಿಂಬಗಳೂ ಅಲ್ಲಾಡದೆ ಕೂತಿದ್ದವಂತೆ. ಬೆಕ್ಕಿನದು ಮಾತ್ರ ಎದ್ದು ಹೋಯಿತು. ಅದಕ್ಕೇ ಅವರು ಆ ಸಂಬಂಧ ಬಿಡಿಸಿದರು. ಇದನ್ನು ನಾನು ಎರಡು ಕಡೆ ವಿಚಾರಿಸಿದೆ. ನಿಜ.

ಅಮ್ಮನಿಗೆ ವಿಷಯ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಶಾಂತು, ಆ ಹುಡುಗಿ ಬೇಕೋ, ಗೋಡೆ ಮೇಲಿರೋ ಸೇರು ಪಾವು ಬೇಕೋ?"

"ಹುಡುಗಿ," ಎಂದೆ. ಸೇರು ಪಾವು ಈಗ ಚಾಲ್ತಿಯಲ್ಲಿಲ್ಲ, ಅವು ಲೀಟರಿನ ಪಾತ್ರೆಗಳು ಎಂದು ಸೇರಿಸಬೇಕೆನ್ನಿಸಿತು. ಸೇರಿಸಲಿಲ್ಲ. ನಾನು ಎಷ್ಟು ಇಳಿದಿದ್ದೆ ಎಂಬುದಕ್ಕೆ ಇದು ಸಾಕ್ಷಿ.

ಮರುದಿನ ಮೋನಪ್ಪ ಆಚಾರಿ ಮತ್ತು ಜುಲೇಖಾಬಿ ಇಬ್ಬರೂ ಬಂದರು. ನಮ್ಮೂರಿನಲ್ಲಿ ಕನ್ನಡಿ ಮಾಡುವವರು ಕೆಲಸ ಹಿಡಿಯುವ ಮೊದಲು ಆ ಮನೆಯಲ್ಲಿ ಒಂದು ದಿನ ಸುಮ್ಮನೆ ಕೂತು ಹೋಗುವ ಪದ್ಧತಿಯಿದೆ. ಮನೆಯವರ ಕಣ್ಣು ತಾನಾಗಿ ಎತ್ತ ಹೋಗುತ್ತದೆ ಎಂದು ನೋಡುವುದಕ್ಕೆ. ಹಿಂದಿನ ಸಲ ನಾನು ಅದನ್ನು ಕಾಲಹರಣ ಎಂದು ತಪ್ಪಿಸಿದ್ದೆ. ಈ ಸಲ ಚಾಪೆ ಹಾಸಿ ಕೂರಿಸಿದೆ. ಕೂತ ಕೂಡಲೇ ಅವರು ಜಗಳಕ್ಕೆ ಶುರು ಮಾಡಿದರು. ಬಿಂಬ ಹಿಡಿಯುವುದು ಮರ ಎಂದು ಆಚಾರಿ, ಟೈಲು ಎಂದು ಜುಲೇಖಾಬಿ. ಅವರು ಪ್ರತಿ ಮನೆಯಲ್ಲೂ ಇದೇ ಜಗಳ ಆಡುತ್ತಾರೆಂದೂ ಆದರೂ ಬೇರೆಯವರ ಜೊತೆ ಕೆಲಸ ಮಾಡಲು ಇಬ್ಬರೂ ಒಪ್ಪುವುದಿಲ್ಲವೆಂದೂ ಕೇಳಿದ್ದೆ.

"ಅಮ್ಮಾರೇ, ನಿಮಗೆ ಏನು ನೋಡೋಕೆ ಇಷ್ಟ?" ಎಂದು ಜುಲೇಖಾಬಿ ಅಮ್ಮನನ್ನು ಕೇಳಿದರು.

ಅಮ್ಮ ಸೆರಗು ಸರಿಮಾಡಿಕೊಂಡಳು. "ನನಗಾ? ಕಮಲದ ಹೂವು. ಶರಣರು ಧ್ಯಾನಕ್ಕೆ ಕೂತಿದ್ದು. ಹಸು ಕರು."

"ಎಲ್ಲರ ಮನೇಲೂ ಹಿಂಗೇ ಹೇಳ್ತಾರೆ. ಕಮಲ ಬರೆದ ಕನ್ನಡೀಲಿ ಒಂದು ಬಿಂಬ ನಿಂತಿದ್ದು ನಾನು ನೋಡಿಲ್ಲ. ಇನ್ಸ್‌ಪೆಕ್ಟ್ರೇ, ನಿಮಗೆ?"

"ಯಾವುದಾದರೂ ಸರಿ, ಸರಿಯಾಗಿರಬೇಕು."

"ಸರಿಯಾಗಿರೋದನ್ನ ಹೆಂಗೆ ಬರೀಲಿ ನಾನು, ಯಾವ ಬಣ್ಣ ಅದು?" ಎಂದು ಅವರು ಆಚಾರಿಯ ಕಡೆ ತಿರುಗಿದರು. "ಬಂದಾಗಿನಿಂದ ನೋಡ್ತಿದೀನಿ, ಇವರ ಕಣ್ಣು ನನ್ನ ಉಪ್ಪಿಟ್ಟಿನ ತಟ್ಟೆ ಬಿಟ್ಟು ಎಲ್ಲೂ ಹೋಗಿಲ್ಲ. ಎಷ್ಟು ತಿಂದೆ ಅಂತ ತೂಕ ಹಾಕ್ತಿದಾರೆ. ಉಪ್ಪಿಟ್ಟೇ ಬರೆದುಬಿಡ್ತೀನಿ."

"ಬರಿ, ಬಿಂಬದ ಬದಲು ಇರುವೆ ಬಂದು ಕೂರ್ತವೆ," ಎಂದರು ಆಚಾರಿ.

ಅಷ್ಟರಲ್ಲಿ ಹೊರಗೆ ಬೀದಿಯ ನಲ್ಲಿಯ ಹತ್ತಿರ ಬಿಂದಿಗೆಯೊಂದು ಕಲ್ಲಿಗೆ ಬಡಿದ ಸದ್ದಾಯಿತು. ಆಮೇಲೆ ಹನುಮಕ್ಕನ ದನಿ. ಅದರ ಮೇಲೆ ಪದ್ದಮ್ಮನ ದನಿ. ಇಬ್ಬರೂ ನಮ್ಮ ನೆರೆಯವರು. ನಮ್ಮ ಬೀದಿಯಲ್ಲಿ ಸರದಿಗೆ ಒಂದು ಬಿಂದಿಗೆ ನೀರು ಎಂಬ ಕಟ್ಟಳೆಯಿದೆ. ಹನುಮಕ್ಕನ ಬಿಂದಿಗೆ ಹೊಟ್ಟೆ ಅಗಲವಾದದ್ದು, ಪದ್ದಮ್ಮನದು ಕತ್ತು ಉದ್ದವಾದದ್ದು. ಇನ್ನೊಬ್ಬಳದು ದೊಡ್ಡದು, ಅವಳು ಸರದಿಗೆ ಹೆಚ್ಚು ನೀರು ಹೊಡೆಯುತ್ತಾಳೆ ಎಂಬುದು ಇಬ್ಬರ ದೂರು. ನಲ್ಲಿಯ ನೀರು ಮಾರಾಟದ ಸರಕಲ್ಲವಾದ್ದರಿಂದ ಇದು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಆದರೂ ಅಮ್ಮ ಕಿಟಕಿಯ ಹತ್ತಿರ ಹೇಗೆ ಹೋದಳೆಂಬುದನ್ನು ನಾನು ನೋಡಲಿಲ್ಲ. ಇಲ್ಲಿದ್ದಳು, ಅಲ್ಲಿದ್ದಳು. ಅವಳ ಹೆಗಲ ಮೇಲಿಂದ ನಾನೂ ಇಣುಕಿದೆ. ನನ್ನ ಪಕ್ಕದಲ್ಲಿ ಆಚಾರಿ, ಕೈಯಲ್ಲಿ ತಟ್ಟೆ ಹಿಡಿದೇ ಜುಲೇಖಾಬಿ. ಪದ್ದಮ್ಮ ಹನುಮಕ್ಕನ ಬಿಂದಿಗೆಯ ಕಂಠ ಹಿಡಿದಿದ್ದಳು. ಹನುಮಕ್ಕ ಪದ್ದಮ್ಮನ ಸೆರಗು ಹಿಡಿದಿದ್ದಳು. ನೀರು ತನ್ನ ಪಾಡಿಗೆ ಹರಿದುಹೋಗುತ್ತಿತ್ತು.

"ಅಯ್ಯೋ, ಹಿಂದೆ ನೋಡಿ!" ಎಂದರು ಜುಲೇಖಾಬಿ.

ಹಿಂದೆ ನೋಡಿದೆವು. ಪಡಸಾಲೆಯ ಕನ್ನಡಿ ಆ ಕಿಟಕಿಗೆ ಎದುರಾಗಿಯೇ ಇದೆ. ಅದರ ತುಂಬ ನಮ್ಮ ನಾಲ್ವರ ಬಿಂಬಗಳೂ ಒತ್ತಿಕೊಂಡು ನಿಂತು ಬೀದಿಯ ಕಡೆ ನೋಡುತ್ತಿದ್ದವು. ಅಮ್ಮನ ಬಿಂಬ ಎಲ್ಲರನ್ನೂ ತಳ್ಳಿ ಮುಂದೆ ಬಂದಿತ್ತು. ನನ್ನ ಬಿಂಬ ಗಿರಣಿಯಿಂದ ಓಡಿಬಂದಿರಬೇಕು. ಅದರ ಕೆನ್ನೆಯ ಮೇಲೆ ಹಿಟ್ಟಿತ್ತು. ನನ್ನ ಕೆನ್ನೆ ಮುಟ್ಟಿ ನೋಡಿಕೊಂಡೆ, ನನ್ನದರ ಮೇಲೆ ಇರಲಿಲ್ಲ.

"ಕಮಲವಂತೆ, ಕಮಲ," ಎಂದು ಜುಲೇಖಾಬಿ ಅಮ್ಮನ ತೋಳು ತಿವಿದರು.

ಅಮ್ಮ ತೋಳು ಬಿಡಿಸಿಕೊಂಡಳು. ತನ್ನ ಬಿಂಬದ ಹತ್ತಿರ ಹೋಗಿ ನಿಂತು ಬಹಳ ಹೊತ್ತು ನೋಡಿದಳು. "ಇಷ್ಟು ವಯಸ್ಸಾಗಿದೆಯಾ ನನಗೆ?" ಎಂದಳು. ಆಮೇಲೆ ಕುಂಕುಮವನ್ನು ಬೆರಳಿನಿಂದ ಬಲಕ್ಕೆ ಸರಿಸಿಕೊಂಡಳು.

ಆಚಾರಿ ಉಳಿಯಿಂದ ನನ್ನ ಬಟ್ಟುಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದರು. ಜುಲೇಖಾಬಿ ನಲ್ಲಿಯ ಜಗಳವನ್ನು ಬರೆದು, ಭಟ್ಟಿಯಲ್ಲಿ ಸುಟ್ಟು ತಂದರು. ಎಡಗಡೆ ಕೆಳಗಿನಿಂದ ಶುರುವಾಗಿ ಚೌಕಟ್ಟಿನ ಸುತ್ತ ಬರುವ ಹಾಗೆ. ಮೊದಲನೆಯ ಟೈಲಿನಲ್ಲಿ ಸರದಿ. ಆಮೇಲೆ ಓರೆನೋಟ. ಆಮೇಲೆ ಮಾತು. ಬಿಂದಿಗೆ ಎಳೆದದ್ದು, ಸೆರಗು ಹಿಡಿದದ್ದು, ಬಾಗಿಲು ಬಾಗಿಲಲ್ಲೂ ಜನ, ಜಗಳ ನೋಡುತ್ತ ಮೇಲೆ ಕೂತ ಕಾಗೆ. ನಾಲ್ಕನೆಯದರಲ್ಲಿ ಪದ್ದಮ್ಮನ ಬಳೆ ಎಡಗೈಯಲ್ಲಿ ಹೆಚ್ಚಿದ್ದವು. ಅದು ತಪ್ಪು ಎಂದು ತೋರಿಸಿದೆ. ಜುಲೇಖಾಬಿ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು. ಗಾರೆ ಒಣಗುವ ಮೊದಲೇ ನಮ್ಮ ಬಿಂಬಗಳು ಬಂದು ಕೂತಿದ್ದವು. ಆ ವಾರ ನಾನು ಮನೆಯಲ್ಲೇ ಗಡ್ಡ ಮಾಡಿಕೊಂಡೆ. ರುದ್ರಣ್ಣ ಬಂದು, "ಏನ್ ಸಾರ್, ನಮ್ಮನ್ನ ಮರೆತೇಬಿಟ್ರಿ," ಎಂದು ಕುಶಾಲು ಮಾಡಿ ಹೋದ. ಹೋಗುವಾಗ ಅವನ ಬಿಂಬ ಇಲ್ಲೇ ಉಳಿಯಿತು.

ಆದರೆ ಕೊನೆಯ ಟೈಲು ಖಾಲಿಯಿತ್ತು. ಬರೀ ಬಿಳಿ.

"ಇದು ಬಾಕಿ ಇದೆ," ಎಂದೆ.

"ಬಾಕಿ ಇಲ್ಲ. ಅದು ಹಂಗೇ," ಎಂದರು ಜುಲೇಖಾಬಿ. "ಜಗಳ ಹೆಂಗೆ ಮುಗೀತು ಅಂತ ಬರೆಯೋ ಹಂಗಿಲ್ಲ."

"ಹದಿನಾರು ಚಿತ್ರ ಅಂತ ಮಾತಾಗಿದೆ. ಹದಿನೈದು ಬರೆದು ಹದಿನಾರು ಅನ್ನೋದು ಹೆಂಗೆ? ಇದನ್ನೇ ಒಬ್ಬ ಅಂಗಡಿಯವನು ಮಾಡಿದ್ರೆ ನಾನು ಬಿಡ್ತೀನಾ?"

"ಸ್ವಾಮಿ, ಅವಳು ಹೇಳಿದ್ದು ಕೇಳಿ," ಎಂದರು ಆಚಾರಿ. ಅವರು ಜುಲೇಖಾಬಿಯ ಮಾತಿಗೆ ಒಪ್ಪಿದ್ದು ಅದೊಂದೇ ಸಲ ಎಂದು ಆಮೇಲೆ ತಿಳಿಯಿತು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ನಾನು ವಿಚಾರಣೆಗೆ ಹೊರಟೆ. ಹನುಮಕ್ಕ ಮಗಳ ಬಾಣಂತನಕ್ಕೆ ಪಕ್ಕದ ಊರಿಗೆ ಹೋಗಿದ್ದಳು. ಪದ್ದಮ್ಮ ಸಿಕ್ಕಿದಳು. "ಅದಾ? ಅದು ಅವತ್ತೇ ಮುಗೀತಲ್ಲ. ನನ್ನದೇ ದೊಡ್ಡ ಬಿಂದಿಗೆ, ತಪ್ಪಾಯ್ತು ಪದ್ದಮ್ಮ ಅಂತ ಕೈ ಮುಗಿದ್ಲು," ಎಂದಳು. ಕಣ್ಣಾರೆ ಕಂಡವಳ ಹೇಳಿಕೆ. ಅದನ್ನೇ ಬರೆಯಲು ಹೇಳಿದೆ. ಜುಲೇಖಾಬಿ, "ನಿಮ್ಮ ಮನೆ, ನಿಮ್ಮ ಕನ್ನಡಿ, ನಿಮ್ಮ ಹಣೆಬರಹ," ಎಂದರು. ಶುಕ್ರವಾರ ಬೆಳಿಗ್ಗೆ, ಅತಿಥಿ ಬರುವ ಸ್ವಲ್ಪ ಮೊದಲು, ಭಟ್ಟಿಯಿಂದ ತೆಗೆದ ಟೈಲನ್ನು ಆಚಾರಿಯ ಕೈಲಿ ಕಳಿಸಿದರು. ಅದರಲ್ಲಿ ಹನುಮಕ್ಕ ತಲೆ ಬಗ್ಗಿಸಿ ಕೈ ಮುಗಿದಿದ್ದಳು. ಪದ್ದಮ್ಮ ದೊಡ್ಡ ಮನಸ್ಸಿನಿಂದ ನಗುತ್ತಿದ್ದಳು. ಕೆಲಸ ಪೂರ್ತಿಯಾಯಿತೆಂದು ನನಗೆ ಸಮಾಧಾನವಾಯಿತು.

ನೀಲಾಂಬಿಕಮ್ಮನವರು ಬಂದರು. ಸಣ್ಣ ಆಳು, ದಪ್ಪ ಕನ್ನಡಕ. ಜೊತೆಗೆ ಚಂಪಾವತಿ, ಪಾರಿವಾಳದ ಬಣ್ಣದ ಸೀರೆಯಲ್ಲಿ. ಕನ್ನಡಿ ನೋಡುವ ದಿನ ಬಾಗಿಲು ಮುಚ್ಚುವಂತಿಲ್ಲ, ನೆರೆಹೊರೆಯವರು ಹೊಸ್ತಿಲ ಆಚೆ ನಿಂತು ನೋಡಬಹುದು. ಬೀದಿಯ ಅರ್ಧ ಜನ ಅಲ್ಲಿ ನಿಂತಿದ್ದರು. ನಾವು ಚಾಪೆಯ ಮೇಲೆ ಕೂತೆವು. ಅಮ್ಮ ಕಾಫಿ ತಂದಳು. ರುದ್ರಣ್ಣನ ಬಿಂಬ ಆಗಲೇ ಗಿರಣಿಗೆ ಹೋಗಿಬಿಟ್ಟಿತ್ತು, ಕನ್ನಡಿಯಲ್ಲಿ ನಮ್ಮ ನಾಲ್ಕು ಬಿಂಬಗಳು ಸಾಲಾಗಿ ಕೂತವು.

ನೀಲಾಂಬಿಕಮ್ಮನವರು ಕಾಫಿಯ ಒಂದು ಗುಟುಕು ಕುಡಿದು ಕನ್ನಡಕ ಮೇಲೇರಿಸಿದರು. ಅವರ ಬಿಂಬವೂ ಏರಿಸಿ, ಕೆಳಗಿನ ಎಡ ಮೂಲೆಯಿಂದ ಚಿತ್ರಗಳನ್ನು ನೋಡುತ್ತ ಬಂತು. ಬಿಂದಿಗೆ ಎಳೆದ ಕಡೆ ಅದರ ಬಾಯಿ ತೆರೆಯಿತು. ಚಂಪಾವತಿಯದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿತ್ತು. ಎಲ್ಲ ಸರಿಹೋಗುತ್ತಿದೆ ಎಂದುಕೊಂಡೆ. ಅಷ್ಟರಲ್ಲಿ ಅಮ್ಮನ ಬಿಂಬ ಹೊಸ ಟೈಲನ್ನು ನೋಡಿತು. ಹೊಟ್ಟೆ ತುಂಬಿದವರ ಹಾಗೆ ಒಂದು ನಿಟ್ಟುಸಿರು ಬಿಟ್ಟು, ಸೀರೆಯ ನೆರಿಗೆ ಕೊಡವಿಕೊಂಡು ಎದ್ದು ಹೋಯಿತು.

ನೀಲಾಂಬಿಕಮ್ಮನವರ ಲೋಟ ಬಾಯಿಯ ಹತ್ತಿರವೇ ನಿಂತಿತು.

ನನ್ನ ಬಿಂಬ ಕೊನೆಯ ಟೈಲನ್ನು ಮೇಲಿಂದ ಕೆಳಗೆ ಪರೀಕ್ಷಿಸಿತು. ಸರಿಯಿದೆ ಎಂಬಂತೆ ತಲೆಯಾಡಿಸಿ ಅದೂ ಎದ್ದಿತು. ಚಾಪೆಯ ಮೇಲೆ ನಾನು ಬೆವರುತ್ತ ಕೂತಿದ್ದೆ, ಕನ್ನಡಿಯಲ್ಲಿ ನನ್ನ ಜಾಗದಲ್ಲಿ ಬರೀ ಚಾಪೆಯಿತ್ತು. ದೊಡ್ಡಮ್ಮ ಲೋಟವನ್ನು ನಿಧಾನವಾಗಿ ಇಳಿಸತೊಡಗಿದರು. ಚಂಪಾವತಿ ಕನ್ನಡಿ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ.

"ತಿಳಿ..." ಎಂದು ದೊಡ್ಡಮ್ಮ ಬಾಯಿ ತೆರೆದರು.

"ಯಾರ್ರೀ ಅದು, ನಾನು ಪದ್ದಮ್ಮಂಗೆ ಕೈ ಮುಗಿದೆ ಅಂತ ಬರೆಸಿದೋರು?"

ಹೊಸ್ತಿಲಲ್ಲಿ ಹನುಮಕ್ಕ. ಬೆಳಗಿನ ಬಸ್ಸಿಗೆ ಮಗಳ ಊರಿಂದ ಬಂದು, ನೀರಿಗೆಂದು ಹೊರಟವಳು ಗುಂಪು ಕಂಡು ಇಣುಕಿದ್ದಳು. ಸೊಂಟದಲ್ಲಿ ಖಾಲಿ ಬಿಂದಿಗೆ. ಜನರನ್ನು ಸರಿಸಿಕೊಂಡು ಒಳಗೆ ಬಂದು ಕೊನೆಯ ಟೈಲಿಗೆ ಬೆರಳು ಚುಚ್ಚಿದಳು. "ಈ ಜನ್ಮದಲ್ಲಿ ಮುಗಿದಿಲ್ಲ, ಮುಂದಿನ ಜನ್ಮದಲ್ಲೂ ಮುಗಿಯಲ್ಲ!"

"ಮುಗಿದ್ಯಲ್ಲ, ಮನಸ್ಸಿನಲ್ಲಿ! ನಿನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು!" ಎನ್ನುತ್ತ ಗುಂಪಿನಿಂದ ಪದ್ದಮ್ಮ ಬಂದಳು. ಅವಳ ಸೊಂಟದಲ್ಲೂ ಬಿಂದಿಗೆಯಿತ್ತು.

"ಮನಸ್ಸಿನಲ್ಲಂತೆ! ಆ ಒಂಟೆ ಕತ್ತಿನ ಬಿಂದಿಗೆ ಇಟ್ಕೊಂಡು ನನಗೆ ಹೇಳೋಕೆ ಬರ್ತಾಳೆ. ಅದನ್ನ ಇಡಬೇಕು ಅಂದ್ರೆ ನಲ್ಲೀನೇ ಮೇಲಕ್ಕೆತ್ತಬೇಕು."

"ನಿನ್ನದೇನು ಬಿಂದಿಗೆನಾ? ಏಳು ತಿಂಗಳ ಬಸುರಿ ಇದ್ದಂಗಿದೆ. ಮೊದಲು ಅದಕ್ಕೊಂದು ಸೀಮಂತ ಮಾಡು!"

ನಾನು ಹೇಳಿಕೆಯನ್ನು ಒಂದೇ ಕಡೆಯಿಂದ ಪಡೆದಿದ್ದೆ. ಅದನ್ನು ತಾಳೆ ನೋಡದೆ ಸುಟ್ಟು ಗೋಡೆಗೆ ಹಚ್ಚಿದ್ದೆ. ಈ ಕೆಲಸಕ್ಕೆ ಇಲಾಖೆಯಲ್ಲಿ ಬೇರೆ ಯಾರನ್ನಾದರೂ ನಾನೇ ಅಮಾನತು ಮಾಡಿಸುತ್ತಿದ್ದೆ. ಇದನ್ನು ಯೋಚಿಸುತ್ತಿರುವಾಗಲೇ ಕನ್ನಡಿಯೊಳಗೆ ಓಡುವ ಹೆಜ್ಜೆಗಳು ಕಂಡವು. ಅಮ್ಮನ ಬಿಂಬ ಅರ್ಧ ಬಿಚ್ಚಿದ ತುರುಬಿನಲ್ಲಿ ಧಾವಿಸಿ ಬಂತು. ಅದರ ಹಿಂದೆ ನನ್ನದು. ಅದರ ಹಿಂದೆ ರುದ್ರಣ್ಣನದು, ಅಕ್ಕಪಕ್ಕದವರದು, ನಾನು ಮುಖ ಮಾತ್ರ ಬಲ್ಲ ಜನರದು. ಕೋಣೆಯಲ್ಲಿ ನಾವು ಆರು ಮಂದಿ, ಕನ್ನಡಿಯಲ್ಲಿ ಕಾಲಿಡಲು ಜಾಗವಿಲ್ಲ. ನೀಲಾಂಬಿಕಮ್ಮನವರ ಬಿಂಬ ಮೊಣಕೈಯಿಂದ ಇಬ್ಬರನ್ನು ತಳ್ಳಿ ಮುಂದಿನ ಸಾಲು ಹಿಡಿಯಿತು. ಅವರ ಕಾಫಿ ಕೈಯಲ್ಲೇ ಆರಿ ಕೆನೆಗಟ್ಟಿತು.

"ಬಾಯಿಮಾತು ಯಾಕೆ?" ಎಂದಳು ಪದ್ದಮ್ಮ ಇದ್ದಕ್ಕಿದ್ದ ಹಾಗೆ. "ಅಳೆಯೋರು ಇಲ್ಲೇ ಕೂತಿದಾರಲ್ಲ. ಇನ್ಸ್‌ಪೆಕ್ಟ್ರೇ, ಎರಡೂ ಅಳೆದು ಹೇಳಿ. ಯಾರದ್ದು ದೊಡ್ಡದು?"

"ಹೇಳಿ!" ಎಂದಳು ಹನುಮಕ್ಕ. "ನೀವು ಹೇಳಿದ್ದು ಒಪ್ಕೋತೀನಿ. ಇವತ್ತಿಗೆ ಮುಗಿದುಹೋಗಲಿ."

ಎರಡು ಬಿಂದಿಗೆಗಳನ್ನೂ ನನ್ನ ಮುಂದೆ ಇಟ್ಟರು. ಕನ್ನಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಮ್ಮನ ಬಿಂಬ ಉತ್ತರ ಕೇಳಿ ಹೊರಡಲೆಂದು ಆಗಲೇ ಒಂದು ಮೊಣಕಾಲು ಎತ್ತಿತ್ತು.

ಇಲಾಖೆಯ ಮುದ್ರೆಯಿದ್ದ ಅಳತೆಯ ಪಾತ್ರೆ ಮನೆಯಲ್ಲೇ ಇತ್ತು. ಮರುದಿನದ ತಪಾಸಣೆಗೆಂದು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೆ. ನೀರು ತುಂಬಿ ಸುರಿದರೆ ಮುಗಿಯಿತು. ಸುರಿಯುವ ಅಗತ್ಯವೂ ಇರಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದ ಕಣ್ಣಿಗೆ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದ ಕೂಡಲೇ ಯಾವುದು ಎಂದು ತಿಳಿಯಿತು. ಉತ್ತರ ನಾಲಿಗೆಯ ತುದಿಗೆ ಬಂತು. ಸರಿಯಾದ ಉತ್ತರವನ್ನು ನಾನು ಎಂದೂ ನುಂಗಿದವನಲ್ಲ.

"ನಲ್ಲಿ ನೀರು ಮಾರಾಟದ ಸರಕಲ್ಲ," ಎಂದೆ.

"ಸರಕು ಬೇಡ. ನೆರೆಮನೆಯೋರು ಅಂತ ಅಳೀರಿ."

ನಾನು ಚಂಪಾವತಿಯನ್ನು ನೋಡಿದೆ. ಅವಳು ತುಟಿ ಕಚ್ಚಿ ಕೂತಿದ್ದಳು.

"ಅಳತೆ ಪಾತ್ರೆ ಆಫೀಸಿನಲ್ಲಿದೆ," ಎಂದೆ. ಅಳತೆಯ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಅಭ್ಯಾಸವಿಲ್ಲದ್ದರಿಂದ ದನಿ ಏರಿತು. "ಅದಿಲ್ಲದೆ ಅಂದಾಜಿನ ಮೇಲೆ ಹೇಳೋದು ತಪ್ಪಾಗುತ್ತೆ."

"ಅಲ್ಲೇನೋ ಇದೆಯಲ್ಲ, ಕಿಟಕಿ ಹತ್ರ," ಎಂದ ಹೊಸ್ತಿಲಾಚೆಯಿಂದ ಯಾರೋ ಒಬ್ಬ.

ಚಂಪಾವತಿ ಕಾಲು ಜೋಮು ಹಿಡಿದವಳ ಹಾಗೆ ಎದ್ದಳು. ಎರಡು ಹೆಜ್ಜೆ ನಡೆದು ಕಿಟಕಿಯ ಕಟ್ಟೆಗೆ ಒರಗಿ ನಿಂತಳು. ಸೆರಗನ್ನು ಹಿಂದಿನಿಂದ ಎಳೆದು ಹರಡಿಕೊಂಡಳು. "ಎಲ್ಲಿ? ನನಗೇನೂ ಕಾಣಿಸ್ತಿಲ್ಲ," ಎಂದಳು. ಪಾತ್ರೆ ಅವಳ ಬೆನ್ನ ಹಿಂದೆ ಇದ್ದದ್ದರಿಂದ ಆ ಮಾತು ಸತ್ಯವೇ ಆಗಿತ್ತು. ಅದು ನನಗೆ ಬಹಳ ಹಿಡಿಸಿತು.

"ಹಂಗಾದ್ರೆ ಆಫೀಸಿನಿಂದ ತನ್ನಿ!" ಎಂದಳು ಪದ್ದಮ್ಮ.

"ಇವತ್ತು ಆಗಲ್ಲ. ಅರ್ಜಿ ಕೊಡಬೇಕು."

"ನೋಡಿದ್ಯಾ, ಸೋಲ್ತೀನಿ ಅಂತ ಇವರಿಗೆ ಮೊದಲೇ ಹೇಳಿಟ್ಟಿದ್ದೀಯ!" ಎಂದು ಹನುಮಕ್ಕ ಪದ್ದಮ್ಮನ ಮೇಲೆ ಬಿದ್ದಳು. ಇಬ್ಬರೂ ತಂತಮ್ಮ ಬಿಂದಿಗೆ ಎತ್ತಿಕೊಂಡು ಬಯ್ಯುತ್ತ ಬೀದಿಗೆ ಇಳಿದರು. ಅಮ್ಮನ ಬಿಂಬ ಎತ್ತಿದ ಮೊಣಕಾಲನ್ನು ಇಳಿಸಿ ಮತ್ತೆ ಚಕ್ಕಳಮಕ್ಕಳ ಹಾಕಿತು. ಯಾರೂ ಏಳಲಿಲ್ಲ.

ನೀಲಾಂಬಿಕಮ್ಮನವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮನೆ ಕನ್ನಡೀಲೇ ನನ್ನದು ಇಷ್ಟು ಹೊತ್ತು ಕೂತಿದ್ದು ನಾನು ಕಾಣೆ," ಎಂದರು. ಆಮೇಲೆ ಅಮ್ಮನ ಕಡೆ ಲೋಟ ಚಾಚಿದರು. "ಇದು ಆರಿಹೋಯ್ತು ತಾಯಿ, ಇನ್ನೊಂದು ಬಿಸಿ ಕಾಫಿ ಕೊಡಿ. ಆ ಕೊನೇ ಟೈಲಿನ ಮೇಲೆ ಒಂದು ಬಟ್ಟೆ ಇಳಿಬಿಡಿ. ಹುಡುಗಿ ಒಪ್ಪಿದ್ರೆ ದಿನ ನೋಡಿಸೋಣ."

ಅಮ್ಮ ಕಾಫಿಗೆ ಓಡಿದಳು. ನಾನು ಟವೆಲ್ಲು ತಂದು ಕೈ ಮುಗಿದ ಹನುಮಕ್ಕನನ್ನು ಮುಚ್ಚಿದೆ. ದೊಡ್ಡಮ್ಮ ಎರಡನೆಯ ಲೋಟವನ್ನು ತಳ ಕಾಣುವ ತನಕ ಕುಡಿದು, ಬೀದಿಯಲ್ಲಿ ಇನ್ನೂ ನಡೆಯುತ್ತಿದ್ದ ಜಗಳವನ್ನು ಹತ್ತಿರದಿಂದ ನೋಡಲು ಮೊದಲೇ ಮೆಟ್ಟಿಲಿಳಿದರು. ಅವರ ಬಿಂಬವೂ ಅವರ ಹಿಂದೆಯೇ ಹೊರಟಿತು.

ಚಂಪಾವತಿ ಬಾಗಿಲ ಹತ್ತಿರ ನಿಂತಳು. ಒಪ್ಪಿಗೆಯೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳೇ ಹತ್ತಿರ ಬಂದು ದನಿ ತಗ್ಗಿಸಿದಳು.

"ನಿಮಗೆ ಗೊತ್ತಲ್ವಾ? ಕಣ್ಣಲ್ಲೇ ಅಳೆದ್ರಿ, ನಾನು ನೋಡಿದೆ. ಯಾರಿಗೂ ಹೇಳಲ್ಲ, ನನಗೆ ಮಾತ್ರ ಹೇಳಿ. ಯಾವುದು ದೊಡ್ಡದು?"

ಅವಳ ಮುಖ ಅಷ್ಟು ಹತ್ತಿರವಿತ್ತು. ಉತ್ತರ ಇನ್ನೂ ನಾಲಿಗೆಯ ಮೇಲೇ ಇತ್ತು.

"ಮದುವೆ ಆದಮೇಲೆ ಹೇಳ್ತೀನಿ," ಎಂದೆ.

ಅವಳು ಚಪ್ಪಲಿ ಮೆಟ್ಟಿ, ಒಂದು ಸಲವೂ ಹಿಂದಿರುಗಿ ನೋಡದೆ, ದೊಡ್ಡಮ್ಮನ ಹಿಂದೆ ಬೀದಿಯ ತಿರುವು ದಾಟಿ ಹೋದಳು. ನಾನು ಒಳಗೆ ಬಂದು ಕನ್ನಡಿಯ ಮುಂದೆ ನಿಂತೆ. ಗುಂಪಿನ ನಡುವೆ ಜಾಗ ಮಾಡಿಕೊಂಡು, ಪಾರಿವಾಳದ ಬಣ್ಣದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವಳ ಬಿಂಬ ಅಲ್ಲೇ ಕೂತಿತ್ತು.